ಹಸಿರು ಗುರುತಿನ ಬೇಸಿಗೆ

ಕಳೆದ ವಾರ ಕಂಟೋನ್ಮೆಂಟಿನ ಕಡೆಯ ಬಯಲಿನಲ್ಲಿ ಗುಜರಿಯವರು ಹಳೆಯ ವೈರುಗಳ ರಾಶಿಗೆ ಬೆಂಕಿ ಹಚ್ಚಿದ್ದರು. ಮೇಲಿನ ಪ್ಲಾಸ್ಟಿಕ್ ಸುಟ್ಟರೆ ಒಳಗಿನ ತಾಮ್ರ ಬಿಡಿಸಿಕೊಳ್ಳುವುದು ಸುಲಭ. ನಾನು ಸ್ಕೂಟರ್ ನಿಲ್ಲಿಸಿ ಸೆರಗಿನಿಂದ ಮೂಗು ಮುಚ್ಚಿಕೊಳ್ಳುವಷ್ಟರಲ್ಲಿ ಆ ವಾಸನೆ ಗಂಟಲಿಗೆ ಇಳಿದಿತ್ತು. ಅದರ ಹಿಂದೆಯೇ ಆ ಬೇಸಿಗೆ ನೆನಪಾಯಿತು, ಚಂದ್ರಮೌಳಿಯ ಮುಖವೂ ಬಂತು. ಗಾಳಿ ತಿರುಗಿದ ಮೇಲೆ ವಾಸನೆ ಹೋಯಿತು. ಮುಖ ಮಾತ್ರ ಮನೆ ಮುಟ್ಟುವವರೆಗೂ ಹೋಗಲಿಲ್ಲ.

ಆಗ ನಾನು ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ. ಆಸ್ಪತ್ರೆಯ ಹೆಸರು ಬೇಡ. ಸಿರುಗುಪ್ಪದಲ್ಲಿ ಅದಕ್ಕೊಂದು ಶಾಖೆ, ನನ್ನ ತವರೂರು ಕುರುಗೋಡಿನಲ್ಲಿ ಇನ್ನೊಂದು. ಎರಡೂ ಕಡೆ ತೆಗೆದ ಎಕ್ಸ್‌ರೇ, ಸ್ಕ್ಯಾನುಗಳೆಲ್ಲ ಬಳ್ಳಾರಿಯ ಸರ್ವರ್ ಕೋಣೆಗೆ ಬಂದು ಸೇರುತ್ತಿದ್ದವು. ವಸುಂಧರಾ ಡಾಕ್ಟರು ಬಳ್ಳಾರಿಯಲ್ಲೇ ಕುಳಿತು, ಚಿತ್ರಗಳನ್ನು ನೋಡಿ ವರದಿ ಬರೆಯುತ್ತಿದ್ದರು. ಮೊದಲೆಲ್ಲ ರೋಗಿಗಳ ಕೈಗೆ ಫಿಲ್ಮ್ ಕೊಡುತ್ತಿದ್ದೆವು. ಅದನ್ನು ನಿಲ್ಲಿಸಿದವನು ಚಂದ್ರಮೌಳಿ. ಎಲ್ಲವೂ ನಮ್ಮ ಕಂಪ್ಯೂಟರಿನಲ್ಲಿ ಭದ್ರವಾಗಿರುವಾಗ ಹಳ್ಳಿಯ ಜನ ಫಿಲ್ಮ್ ಇಟ್ಟುಕೊಂಡು ಏನು ಮಾಡುತ್ತಾರೆ ಎನ್ನುವುದು ಅವನ ವಾದ.

ಚಂದ್ರಮೌಳಿ ಆಸ್ಪತ್ರೆಯ ಮಾಲೀಕರ ಹೆಂಡತಿಯ ತಮ್ಮ. ಮಾಲೀಕರನ್ನು ನಾವೆಲ್ಲ ದೊಡ್ಡ ಡಾಕ್ಟರು ಎನ್ನುತ್ತಿದ್ದೆವು. ಅವರು ಒಳ್ಳೆಯ ಸರ್ಜನ್, ಆದರೆ ಭಾವಮೈದುನನ ವಿಷಯದಲ್ಲಿ ಶುದ್ಧ ಕುರುಡರು. ತಂತ್ರಜ್ಞಾನ ಸಲಹೆಗಾರ ಎಂದು ಅವನಿಗೊಂದು ಕೋಣೆ, ಬಾಗಿಲ ಮೇಲೊಂದು ಹಿತ್ತಾಳೆಯ ಫಲಕ. ಕಂಪ್ಯೂಟರಿನ ಬಗ್ಗೆ ಅವನಿಗೆ ಗೊತ್ತಿದ್ದುದು ಮದುವೆ ಛತ್ರದ ಮ್ಯಾನೇಜರಿಗೆ ಅಡುಗೆಯ ಬಗ್ಗೆ ಗೊತ್ತಿರುವಷ್ಟು: ಎಲ್ಲಿಂದ ತರಿಸಬೇಕು, ಪಂಕ್ತಿಯಲ್ಲಿ ಯಾರನ್ನು ಮುಂದೆ ಕೂರಿಸಬೇಕು. ಒಲೆಯ ಹತ್ತಿರ ಅವನು ಎಂದೂ ಹೋದವನಲ್ಲ.

ಆ ವರ್ಷ ಶಿವರಾತ್ರಿ ಮುಗಿದ ಹೊಸದರಲ್ಲಿ ಅವನು ಒಂದು ಭಾರೀ ಯಂತ್ರ ತರಿಸಿದ. ನಮ್ಮಲ್ಲಿದ್ದ ಹಳೆಯ ಸರ್ವರುಗಳನ್ನೆಲ್ಲ ತೆಗೆದು, ಅದೊಂದರ ಒಳಗೆ ವರ್ಚುವಲ್ ಮಷಿನ್‌ಗಳಾಗಿ ಕೂರಿಸುವ ಯೋಜನೆ. ಯೋಜನೆಯಲ್ಲಿ ತಪ್ಪೇನೂ ಇರಲಿಲ್ಲ. ಒಂದು ದೊಡ್ಡ ಮನೆಯಲ್ಲಿ ನಾಲ್ಕಾರು ಬಾಡಿಗೆ ಸಂಸಾರಗಳಿದ್ದ ಹಾಗೆ ಅದು. ಬಿಲ್ಲಿನ ಲೆಕ್ಕದ್ದು ಒಂದು, ಔಷಧಿ ಅಂಗಡಿಯದು ಒಂದು, ಸ್ಕ್ಯಾನ್ ಚಿತ್ರಗಳದ್ದು ಇನ್ನೊಂದು. ಇವಕ್ಕೆಲ್ಲ ಆಶ್ರಯ ಕೊಡುವ ದೊಡ್ಡ ಯಂತ್ರಕ್ಕೆ ಹೋಸ್ಟ್ ಎನ್ನುತ್ತಾರೆ. ಇದರಲ್ಲಿ ಬ್ಯಾಕಪ್ ಕೂಡ ಸುಲಭ. ಒಂದೊಂದು ಸಂಸಾರದ ಒಳಹೊಕ್ಕು ಸಾಮಾನು ಎಣಿಸಬೇಕಾಗಿಲ್ಲ. ಹೋಸ್ಟ್ ಹೊರಗೆ ನಿಂತೇ ಇಡೀ ಸಂಸಾರದ ಪ್ರತಿ ತೆಗೆದಿಡುತ್ತದೆ. ಯಂತ್ರ ಸುಟ್ಟುಹೋದರೂ ಆ ಪ್ರತಿಯನ್ನು ಬೇರೆ ಯಂತ್ರಕ್ಕೆ ಹಾಕಿದರೆ ಎಲ್ಲವೂ ಎದ್ದು ಕೂರಬೇಕು.

ಕೂರಬೇಕು, ನಿಜ. ಆದರೆ ಅದಕ್ಕೆ ಕೆಲವು ಷರತ್ತುಗಳಿವೆ. ಮಾಲೀಕರ ಕೋಣೆಯಲ್ಲಿ ಸಭೆ ಕರೆದಾಗ ನಾನು ಅವನ್ನೇ ಹೇಳಿದೆ. ಒಳಗಿನ ಪ್ರತಿಯೊಂದು ಮಷಿನ್ನಿನಲ್ಲೂ ಹೋಸ್ಟಿನ ಮಾತು ಕೇಳುವ ಸಣ್ಣದೊಂದು ಪ್ರೋಗ್ರಾಂ ಸದಾ ಓಡುತ್ತಿರಬೇಕು. ಇಲ್ಲದಿದ್ದರೆ ಬರೆಯುತ್ತಿದ್ದ ಸಾಲಿನ ಅರ್ಧಕ್ಕೇ ಪ್ರತಿ ತೆಗೆದ ಹಾಗಾಗುತ್ತದೆ. ಪ್ರತಿ ತೆಗೆಯುವಷ್ಟು ಹೊತ್ತು ಡಿಸ್ಕಿನಲ್ಲಿ ಖಾಲಿ ಜಾಗ ಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಒಳಗಿನ ಮಷಿನ್ ಬಳಸುವ ಡಿಸ್ಕುಗಳೆಲ್ಲ ಹೋಸ್ಟಿನ ವಶದಲ್ಲೇ ಇರಬೇಕು. ಹೋಸ್ಟನ್ನು ದಾಟಿ, ನೆಟ್‌ವರ್ಕಿನ ಮೂಲಕ ನೇರವಾಗಿ ಒಳಗಿನವರು ಜೋಡಿಸಿಕೊಂಡ ಡಿಸ್ಕು ಅದರ ಕಣ್ಣಿಗೇ ಬೀಳುವುದಿಲ್ಲ. ಹಿತ್ತಲ ಗೋಡೆಯಾಚೆ ಬಾಡಿಗೆಯವರು ಗುಟ್ಟಾಗಿ ಕಟ್ಟಿಕೊಂಡ ಉಗ್ರಾಣದ ಹಾಗೆ. ಮನೆಯ ಮಾಲೀಕ ಪ್ರತಿ ತೆಗೆಯುವಾಗ ಆ ಉಗ್ರಾಣ ಅದರಲ್ಲಿ ಬರುವುದಿಲ್ಲ.

ನಾನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿತ್ತು. ನಮ್ಮ ಸ್ಕ್ಯಾನ್ ಚಿತ್ರಗಳಿದ್ದದ್ದು ಅಂಥದ್ದೇ ಒಂದು ಪ್ರತ್ಯೇಕ ಡಿಸ್ಕ್ ಪೆಟ್ಟಿಗೆಯಲ್ಲಿ. ಅದರೊಳಗಿನದನ್ನೆಲ್ಲ ಹೋಸ್ಟಿನ ವಶಕ್ಕೆ ನಕಲಿಸಲು ಬಹಳ ದಿನ ಬೇಕಾಗಿತ್ತು. ಚಂದ್ರಮೌಳಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಯುಗಾದಿಗೆ ಉದ್ಘಾಟನೆ ಎಂದು ಆಗಲೇ ಕರೆಯೋಲೆ ಅಚ್ಚಾಗಿತ್ತು. ಪೆಟ್ಟಿಗೆಯನ್ನು ಇದ್ದ ಹಾಗೆಯೇ ನೇರವಾಗಿ ಒಳಗಿನ ಮಷಿನ್ನಿಗೆ ಜೋಡಿಸಿಬಿಡಿ, ಕೆಲಸ ನಡೆದರೆ ಆಯಿತಲ್ಲ ಎಂದ.

ಹಾಗೆ ಮಾಡಿದರೆ ಚಿತ್ರಗಳು ಬ್ಯಾಕಪ್ಪಿನಲ್ಲಿ ಬರುವುದಿಲ್ಲ ಎಂದೆ. ಅವನು ತನ್ನ ಲ್ಯಾಪ್‌ಟಾಪನ್ನು ದೊಡ್ಡ ಡಾಕ್ಟರ ಕಡೆ ತಿರುಗಿಸಿದ. ಪರದೆಯ ಮೇಲೆ ಮಷಿನ್‌ಗಳ ಹೆಸರು, ಪ್ರತಿಯೊಂದರ ಎದುರಿಗೂ ಒಂದು ಹಸಿರು ಗುರುತು.

“ನೋಡ್ರಿ ಮಾಮಾ, ಎಲ್ಲಾ ಹಸಿರು ಐತಿ. ಪಾರ್ವತಿ ಮೇಡಂ ಓದಿದ್ದು ಜಾಸ್ತಿ ಆಗೈತಿ, ಅದಕ್ಕ ಅಂಜಿಕಿ.”

ದೊಡ್ಡ ಡಾಕ್ಟರು ನಕ್ಕರು. ಬಿಲ್ಲಿಂಗಿನವರು ನಕ್ಕರು. ಕಾಫಿ ತಂದವನು ಕೂಡ, ಎಲ್ಲರೂ ನಗುತ್ತಿದ್ದಾರಲ್ಲ ಎಂದು, ನಕ್ಕ. ನಾನು ಒಂದೇ ಒಂದು ಕೇಳಿದೆ. ಬೇರೆ ಯಂತ್ರದಲ್ಲಿ ಒಂದು ಸಲ ಆ ಪ್ರತಿಯನ್ನು ತೆರೆದು ನೋಡೋಣ, ಯಾರಾದರೂ ಒಬ್ಬ ಹಳೆಯ ರೋಗಿಯ ಚಿತ್ರ ಬರುತ್ತದೋ ಇಲ್ಲವೋ ಪರೀಕ್ಷಿಸೋಣ. ಅದಕ್ಕೆಲ್ಲ ಪುರುಸೊತ್ತಿಲ್ಲ, ಉದ್ಘಾಟನೆ ಆಗಲಿ ಎಂದರು ದೊಡ್ಡ ಡಾಕ್ಟರು. ಹಸಿರು ಗುರುತಿನ ಅರ್ಥ ‘ಹೇಳಿದ ಕೆಲಸ ಮುಗಿಯಿತು’ ಎಂದಷ್ಟೇ. ಏನು ಹೇಳಿದ್ದೆವು ಎಂಬುದನ್ನು ಅದು ಕೇಳುವುದಿಲ್ಲ. ಇದು ಐದನೆಯ ಇಯತ್ತೆಯ ಮಕ್ಕಳಿಗೂ ಅರ್ಥವಾಗುತ್ತದೆ. ಹಿತ್ತಾಳೆ ಫಲಕದ ಹಿಂದೆ ಕುಳಿತವರಿಗೆ ಆಗುವುದಿಲ್ಲ.

ಯುಗಾದಿಗೆ ರಿಬ್ಬನ್ ಕತ್ತರಿಸಿದರು. ಚಂದ್ರಮೌಳಿ ರೇಷ್ಮೆ ಶರ್ಟಿನಲ್ಲಿ ಬಂದು ಯಂತ್ರಕ್ಕೆ ಕುಂಕುಮ ಹಚ್ಚಿದ; ಗಾಳಿ ಒಳಹೋಗುವ ಕಿಂಡಿಗೇ ಹಚ್ಚಿದ. ಅದನ್ನು ನಾನೇ ಆಮೇಲೆ ಒರೆಸಿದೆ.

ಆ ವರ್ಷದ ಬಿಸಿಲು ಬಳ್ಳಾರಿಯವರಿಗೂ ಹೆಚ್ಚೆನಿಸಿತು. ಗುಡ್ಡದ ಬಂಡೆ ಕಾದು ಸಂಜೆಯ ಮೇಲೂ ಊರಿನ ಮೇಲೆ ಸೆಕೆ ಉಗುಳುತ್ತಿತ್ತು. ಕರೆಂಟು ಹೋಗುವುದು, ಬರುವುದು, ಬಂದಾಗ ಜಿಗಿಯುವುದು. ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಸರ್ವರ್ ಕೋಣೆಯ ಎರಡು ಎ.ಸಿ.ಗಳೂ ಒಟ್ಟಿಗೇ ನಿಂತವು. ಸೆಕೆ ಹೆಚ್ಚಾದರೆ ಫೋನಿಗೆ ಸುದ್ದಿ ಕಳಿಸುವ ಉಪಕರಣವೊಂದನ್ನು ನಾನು ಕೇಳಿದ್ದೆ. ಅದು ಅನಗತ್ಯ ಎಂದು ಚಂದ್ರಮೌಳಿ ಖರೀದಿಯ ಪಟ್ಟಿಯಿಂದ ತೆಗೆಸಿಹಾಕಿದ್ದ. ಕಾವಲುಗಾರ ವಾಸನೆ ಹಿಡಿದು ಫೋನ್ ಮಾಡಿದ. ನಾನು ಹೋಗಿ ಬಾಗಿಲು ತೆಗೆದಾಗ ಮುಖಕ್ಕೆ ಬೆಂಕಿಯ ಗೂಡಿನ ಝಳ ಬಡಿಯಿತು, ಜೊತೆಗೆ ಸುಟ್ಟ ವೈರಿನ ನಾತ. ಹೋಸ್ಟ್ ಸತ್ತಿತ್ತು. ಪಕ್ಕದ ಡಿಸ್ಕ್ ಪೆಟ್ಟಿಗೆಯೂ ಸತ್ತಿತ್ತು.

ಬ್ಯಾಕಪ್ ಪ್ರತಿಗಳು ಇದ್ದದ್ದು ಇನ್ನೊಂದು ಕಟ್ಟಡದಲ್ಲಿ. ಅಲ್ಲಿ ಇಡಿಸಿದ್ದಷ್ಟೇ ನಾನು ಗೆದ್ದ ವಾದ. ಮರುದಿನ ಬಾಡಿಗೆಗೆ ಒಂದು ಯಂತ್ರ ತರಿಸಿ ಪ್ರತಿಗಳನ್ನು ಹಾಕಿದೆವು. ಊಟದ ಹೊತ್ತಿಗೆ ಬಿಲ್ಲಿನ ಮಷಿನ್ ಎದ್ದಿತು, ಔಷಧಿಯದು ಎದ್ದಿತು, ಸ್ಕ್ಯಾನಿನದೂ ಎದ್ದಿತು. ಚಂದ್ರಮೌಳಿ ಮೈಸೂರು ಪಾಕು ತರಿಸಿ ವಾರ್ಡ್ ವಾರ್ಡಿಗೂ ಹಂಚಿಸಿದ. ನನ್ನ ಪಾಲಿನದನ್ನು ಮೇಜಿನ ಮೇಲಿಟ್ಟು, “ನೋಡಿದ್ರೇನ್ರಿ?” ಎಂದು ಹೋದ.

ನೋಡಿದವರು ವಸುಂಧರಾ ಡಾಕ್ಟರು. ಮಧ್ಯಾಹ್ನ ಅವರು ನನ್ನನ್ನು ಕರೆಸಿದರು. ಪರದೆಯ ಮೇಲೆ ಹಳೆಯ ರೋಗಿಗಳ ಹೆಸರೆಲ್ಲ ಇತ್ತು, ವಯಸ್ಸು, ಊರು, ದಿನಾಂಕ ಎಲ್ಲವೂ ಇತ್ತು. ಹೆಸರನ್ನು ಒತ್ತಿದರೆ ಒಂದು ಕರಿಯ ಚೌಕ. ಇನ್ನೊಂದನ್ನು ಒತ್ತಿದರೂ ಅದೇ. ಅವರು ಒತ್ತುತ್ತಲೇ ಹೋದರು. ಹೆಸರುಗಳು ಮನೆಯೊಳಗಿದ್ದವು, ಚಿತ್ರಗಳು ಹಿತ್ತಲ ಉಗ್ರಾಣದಲ್ಲಿದ್ದವು, ಉಗ್ರಾಣ ಸುಟ್ಟಿತ್ತು. ಚಂದ್ರಮೌಳಿಯ ಲ್ಯಾಪ್‌ಟಾಪಿನಲ್ಲಿ ಹಸಿರು ಗುರುತು ಮಾತ್ರ ಹಾಗೆಯೇ ಇತ್ತು.

“ಪಾರ್ವತಿ, ಹೊರಗ ಒಬ್ಬ ಪೇಷಂಟ್ ಕೂತಾನ. ಅವನ ಹಳೇ ಸ್ಕ್ಯಾನ್ ನನಗ ಬೇಕೇ ಬೇಕು,” ಎಂದರು.

ಹೊರಗೆ ಕುಳಿತಿದ್ದವನು ಸಿರಿಗೇರಿಯ ಗಾದಿಲಿಂಗಪ್ಪ. ಭತ್ತ ಕೊಯ್ಯುವ ಮಷಿನ್ನಿನ ಡ್ರೈವರು, ಐವತ್ತರ ಆಸುಪಾಸಿನ ಉದ್ದನೆಯ ಮನುಷ್ಯ. ಸುಗ್ಗಿಯಲ್ಲಿ ಆ ಕಡೆಯ ಗದ್ದೆಗಳೆಲ್ಲ ಅವನ ದಾರಿ ಕಾಯುತ್ತಿದ್ದವು. ಪಕ್ಕದಲ್ಲಿ ಹೆಂಡತಿ ಹುಲಿಗೆಮ್ಮ, ಮಡಿಲಲ್ಲಿ ರೊಟ್ಟಿಯ ಗಂಟು. ಪ್ರಾಯದಲ್ಲಿ ಅವನಿಗೆ ಕ್ಷಯ ಬಂದು ವಾಸಿಯಾಗಿತ್ತು. ಎರಡು ಬೇಸಿಗೆಯ ಹಿಂದೆ ಕೆಮ್ಮು ಎಂದು ನಮ್ಮ ಸಿರುಗುಪ್ಪ ಶಾಖೆಗೆ ಬಂದಾಗ ಸ್ಕ್ಯಾನ್ ಮಾಡಿದ್ದರು. ಆಗಿನ ಡಾಕ್ಟರು ‘ಹಳೆಯ ಕ್ಷಯದ ಕಲೆ ಇದೆ’ ಎಂದಷ್ಟೇ ಬರೆದು ಕೈತೊಳೆದುಕೊಂಡಿದ್ದರು, ಅಳತೆ ಬರೆದಿರಲಿಲ್ಲ. ಈಗ ಮತ್ತೆ ಕೆಮ್ಮು, ಮತ್ತೆ ಸ್ಕ್ಯಾನ್, ಬಲಗಡೆಯ ಶ್ವಾಸಕೋಶದಲ್ಲಿ ಮತ್ತೆ ಒಂದು ಕಲೆ. ಅದು ಮೊದಲಿದ್ದಷ್ಟೇ ಇದ್ದರೆ ಏನೂ ಅಲ್ಲ. ಬೆಳೆದಿದ್ದರೆ ಕ್ಯಾನ್ಸರ್ ಇರಬಹುದು. ಎರಡು ಚಿತ್ರಗಳನ್ನು ಪಕ್ಕ ಪಕ್ಕ ಇಟ್ಟರೆ ವಸುಂಧರಾ ಡಾಕ್ಟರಿಗೆ ಒಂದು ನಿಮಿಷದ ಕೆಲಸ. ಈಗ ಇದ್ದದ್ದು ಒಂದೇ ಚಿತ್ರ.

ನನ್ನನ್ನು ಕಂಡು ಗಾದಿಲಿಂಗಪ್ಪ, “ಮೇಡಂ, ಲಗೂನ ಕಳಿಸ್ರಿ. ಭತ್ತ ಉದುರಾಕ ಹತ್ತೈತಿ, ಫೋನ್ ಮ್ಯಾಲೆ ಫೋನ್ ಬರಾಕತ್ಯಾವ,” ಎಂದ.

ಸ್ಕ್ಯಾನ್ ಮಷಿನ್ನಿನ ಪಕ್ಕದ ಕಂಪ್ಯೂಟರಿನಲ್ಲೂ ಚಿತ್ರಗಳ ಒಂದು ಪ್ರತಿ ಸ್ವಲ್ಪ ಕಾಲ ಉಳಿದಿರುತ್ತದೆ. ಆ ಆಸೆಯಿಂದ ಮರುದಿನ ಬೆಳಿಗ್ಗೆ ಸಿರುಗುಪ್ಪಕ್ಕೆ ಹೊರಟೆ. ದಾರಿಯುದ್ದಕ್ಕೂ ರಸ್ತೆಯ ಅರ್ಧ ಭಾಗ ಭತ್ತ ಒಣಹಾಕಿದ್ದರು. ಸಿರಿಗೇರಿ ಕ್ರಾಸಿನಾಚೆ ಒಂದು ಗದ್ದೆಯಲ್ಲಿ ಕೊಯ್ಲಿನ ಮಷಿನ್ ಡ್ರೈವರಿಲ್ಲದೆ ನಿಂತಿತ್ತು. ಅದು ಅವನದೇ ಇರಬಹುದು ಎನಿಸಿತು. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಗಳ ಬೂದಿ ಗಾಳಿಯಲ್ಲಿ ತೇಲುತ್ತಿತ್ತು. ಶಾಖೆಯ ಟೆಕ್ನಿಷಿಯನ್, ಕೆಂಚನಗುಡ್ಡದ ಹುಡುಗಿ, ಊಟ ಬಿಟ್ಟು ನನ್ನ ಜೊತೆ ಹುಡುಕಿದಳು. ಇತ್ತೀಚಿನ ತಿಂಗಳುಗಳ ಚಿತ್ರಗಳೆಲ್ಲ ಇದ್ದವು. ಅದಕ್ಕಿಂತ ಹಿಂದಿನವು ಇರಲಿಲ್ಲ. ಜಾಗ ತುಂಬಿದ ಹಾಗೆ ಆ ಕಂಪ್ಯೂಟರು ಹಳೆಯದನ್ನು ತಾನೇ ಅಳಿಸುತ್ತಿತ್ತು. ಅದು ಅದರ ಧರ್ಮ. ಕಾಪಾಡಬೇಕಾದವರು ಬೇರೆಯವರಿದ್ದಾರೆ ಎಂದು ಅದು ನಂಬಿತ್ತು.

ಅಲ್ಲಿಂದ ಕುರುಗೋಡಿಗೂ ಹೋದೆ. ಅಲ್ಲಿನ ಎಕ್ಸ್‌ರೇ ವಿರೂಪಾಕ್ಷಿ ನನಗೆ ಸಣ್ಣಂದಿನಿಂದ ಗೊತ್ತು. ಯಾವ ಕೆಲಸವನ್ನೂ ನಾಳೆಗೆ ಬಿಡದೆ ಮಾಡಿದವನಲ್ಲ. ಹಳೆಯ ಚಿತ್ರಗಳನ್ನು ಕಾಲಕಾಲಕ್ಕೆ ಅಳಿಸಿ ಜಾಗ ಮಾಡು ಎಂದು ಚಂದ್ರಮೌಳಿ ಆಜ್ಞೆ ಹೊರಡಿಸಿದ್ದ. ವಿರೂಪಾಕ್ಷಿ ಅದನ್ನು ಮಾಡಿಯೇ ಇರಲಿಲ್ಲ. ಶಾಖೆ ತೆರೆದ ದಿನದಿಂದ ತೆಗೆದ ಎಕ್ಸ್‌ರೇಗಳೆಲ್ಲ ಒಂದೂ ಬಿಡದೆ ಇದ್ದವು. ಬೈಯುತ್ತೇನೆಂದು ಅವನು ಹೆದರಿ ನಿಂತಿದ್ದ. ಬೈಯಲಿಲ್ಲ. ಆ ವರ್ಷ ನಮ್ಮ ಆಸ್ಪತ್ರೆಯಲ್ಲಿ ನಂಬಬಹುದಾದ ಬ್ಯಾಕಪ್ ಎಂದರೆ ಕುರುಗೋಡಿನ ವಿರೂಪಾಕ್ಷಿಯ ಸೋಮಾರಿತನವೊಂದೇ. ಆದರೆ ಗಾದಿಲಿಂಗಪ್ಪ ಕುರುಗೋಡಿಗೆ ಎಂದೂ ಬಂದವನಲ್ಲ.

ಬಳ್ಳಾರಿಗೆ ಮರಳಿ ಚಿತ್ರ ಸಿಗಲಿಲ್ಲ ಎಂದು ಹೇಳಿದೆ. ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಸ್ಕ್ಯಾನ್ ಮಾಡಿ ಹೋಲಿಸಬಹುದಲ್ಲ ಎಂದು ವಸುಂಧರಾ ಡಾಕ್ಟರನ್ನು ಕೇಳಿದೆ. ಕಲೆಯ ಗಾತ್ರ ಕಾಯುವಂಥದ್ದಲ್ಲ, ಇಷ್ಟು ವರ್ಷ ಬೀಡಿ ಸೇದಿದವನು ಬೇರೆ, ಸೂಜಿ ಹಾಕಿ ತುಣುಕು ತೆಗೆದು ಪರೀಕ್ಷೆ ಮಾಡಲೇಬೇಕು ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಕಣ್ಣು ಕಟ್ಟಿದ ಮೇಲೆ ಕೈಯಿಂದ ತಡವಿ ನೋಡುವುದೊಂದೇ ದಾರಿ.

ಪರೀಕ್ಷೆಗೆ ಮುಂಚೆ ಒಂದು ಸಭೆ ಆಯಿತು. ಹಳೆಯ ಚಿತ್ರ ಕೇಳುವ ರೋಗಿಗಳಿಗೆ ಏನು ಹೇಳಬೇಕು ಎಂಬುದೇ ಅದರ ವಿಷಯ. ಹಳೆಯದನ್ನು ಇಷ್ಟು ಕಾಲದ ಮೇಲೆ ಅಳಿಸುವುದು ನಮ್ಮ ನಿಯಮ ಎನ್ನೋಣ ಎಂದು ಚಂದ್ರಮೌಳಿ ಸೂಚಿಸಿದ. ಬಳ್ಳಾರಿಯ ಮೂಲ ಸಂಗ್ರಹಕ್ಕೆ ಹಾಗೊಂದು ನಿಯಮ ಅದುವರೆಗೆ ಇರಲಿಲ್ಲ. ಅವನ ಬಾಯಿಂದ ಅದು ಹುಟ್ಟಿದ್ದನ್ನು ನಾನು ಕಣ್ಣಾರೆ ಕಂಡೆ. ದೊಡ್ಡ ಡಾಕ್ಟರು ತಲೆಯಾಡಿಸಿದರು. ನನ್ನ ಕಡೆ ಯಾರೂ ನೋಡಲಿಲ್ಲ.

ಸೂಜಿ ಹಾಕಿದ ದಿನ ಗಾದಿಲಿಂಗಪ್ಪನ ಶ್ವಾಸಕೋಶದಿಂದ ಗಾಳಿ ಸೋರಿತು. ಅದು ಆಗಬಹುದು ಎಂದು ಮೊದಲೇ ಹೇಳಿದ್ದರು, ಆಯಿತು. ಬಲಗಡೆಯ ಶ್ವಾಸಕೋಶ ಕುಗ್ಗಿ, ಪಕ್ಕೆಯಲ್ಲಿ ನಳಿಕೆ ಇಟ್ಟು ಗಾಳಿ ಹೊರತೆಗೆಯಬೇಕಾಯಿತು. ಅಷ್ಟು ಉದ್ದದ ಮನುಷ್ಯ ಮಂಚದಲ್ಲಿ ಒಂದೇ ಮಗ್ಗುಲಾಗಿ, ಪ್ರತಿ ಉಸಿರಿಗೂ ಹಲ್ಲು ಕಚ್ಚಿ ಮಲಗಿದ್ದ. ನಾನು ದಿನವೂ ಹೋಗಿ ನೋಡುತ್ತಿದ್ದೆ. ಅವನಿಗೆ ಫೋನ್ ಬರುವುದು ನಿಂತಿತ್ತು. ಗದ್ದೆಯವರು ಬೇರೆ ಮಷಿನ್ ಕರೆಸಿಕೊಂಡಿದ್ದರು. ಕೊನೆಗೆ ಪರೀಕ್ಷೆಯ ಫಲ ಬಂತು. ಕ್ಯಾನ್ಸರ್ ಅಲ್ಲ. ಹಳೆಯ ಕ್ಷಯದ ಕಲೆ, ಅಷ್ಟೇ.

ಅಂದು ಕಾರಿಡಾರಿನಲ್ಲಿ ಚಂದ್ರಮೌಳಿ ಸಿಕ್ಕ. ಫಲ ಅವನಿಗೂ ತಿಳಿದಿತ್ತು. “ಒಳ್ಳೇದೇ ಆತಲ್ರಿ ಮೇಡಂ. ಹಳೇ ಚಿತ್ರ ಇದ್ದಿದ್ರೂ ಇದನ್ನೇ ಹೇಳತಿತ್ತು,” ಎಂದ. ಆ ಚಿತ್ರವಿದ್ದಿದ್ದರೆ ಸೂಜಿಯೇ ಬೇಕಿರಲಿಲ್ಲ ಎಂಬುದು ಆ ತಲೆಯೊಳಗೆ ಹೊಕ್ಕಿರಲೇ ಇಲ್ಲ. ಮೂರ್ಖತನವನ್ನು ನಾನು ಕ್ಷಮಿಸಬಲ್ಲೆ, ಎಲ್ಲರಲ್ಲೂ ಅಷ್ಟಿಷ್ಟು ಇರುತ್ತದೆ. ಆದರೆ ಬೇರೆಯವರ ಪಕ್ಕೆಯಲ್ಲಿ ನಳಿಕೆ ಇರುವಾಗ ಹಲ್ಲು ಕಿರಿಯುವ ಮೂರ್ಖತನವನ್ನು ಕ್ಷಮಿಸಲಾರೆ. ಅವನನ್ನು ದಾಟಿ ನೇರವಾಗಿ ವಾರ್ಡಿಗೆ ಹೋದೆ.

ಗಾದಿಲಿಂಗಪ್ಪ ನಿದ್ದೆಯಲ್ಲಿದ್ದ. ಹುಲಿಗೆಮ್ಮ ಕಿಟಕಿಯ ಹತ್ತಿರ ನಿಂತಿದ್ದಳು. ಅವಳಿಗೆ ಎಲ್ಲವನ್ನೂ ಹೇಳಿದೆ. ಹಳೆಯ ಚಿತ್ರವನ್ನು ನಿಯಮದ ಪ್ರಕಾರ ಅಳಿಸಿದ್ದಲ್ಲ, ಕಳೆದುಕೊಂಡದ್ದು. ಪ್ರತಿ ಇದೆ ಎಂದು ನಂಬಿಸಿದ್ದರು, ಇರಲಿಲ್ಲ. ಇದ್ದಿದ್ದರೆ ಬಹುಶಃ ಈ ಪರೀಕ್ಷೆ ಬೇಕಾಗುತ್ತಿರಲಿಲ್ಲ. ನಾನು ಮುಗಿಸಿದ ಮೇಲೆ ಅವಳು ಗಂಡನ ಕಡೆ ಒಮ್ಮೆ ನೋಡಿದಳು.

“ಇದನ್ನ ಯಾಕ ಹೇಳಾಕತ್ತೀರಿ ಅಕ್ಕಾರ? ನಿಮ್ಮ ನೌಕರಿಗೆ ಏನೂ ಆಗಂಗಿಲ್ಲೇನು?”

“ಆದ್ರ ಆಗ್ಲಿ ಬಿಡ್ರಿ,” ಎಂದೆ.

ಆಗುವ ಸೂಚನೆಯಂತೂ ಬಂತು. ಹುಲಿಗೆಮ್ಮ ನೇರವಾಗಿ ದೊಡ್ಡ ಡಾಕ್ಟರ ಕೋಣೆಗೆ ಹೋಗಿ ಕೇಳಿದಳು. ಅವರು ನಳಿಕೆಯ, ವಾರ್ಡಿನ ಖರ್ಚೆಲ್ಲ ಆಸ್ಪತ್ರೆಯದೇ ಎಂದು ಹೇಳಿ ಕಳಿಸಿದರು, ಆಮೇಲೆ ನನ್ನನ್ನು ಕರೆಸಿದರು. ಇದನ್ನೆಲ್ಲ ರೋಗಿಗಳಿಗೆ ಹೇಳು ಎಂದವರು ಯಾರು ಎಂದು ಕೇಳಿದರು.

“ಅವರ ಎದಿ, ಸರ್. ಅವರಿಗೆ ಹೇಳದ ಇನ್ಯಾರಿಗೆ ಹೇಳಬೇಕಿತ್ತು?”

ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದರು. ನನ್ನನ್ನು ತೆಗೆದುಹಾಕಲಿಲ್ಲ. ಡಿಸ್ಕುಗಳನ್ನೆಲ್ಲ ಹೋಸ್ಟಿನ ವಶಕ್ಕೆ ತರಲು ಮೊದಲ ಸಲ ನನಗೆ ಬೇಕಾದಷ್ಟು ಸಮಯ ಸಿಕ್ಕಿತು. ಪ್ರತಿಯನ್ನು ತೆರೆದು ನೋಡುವ ಪರೀಕ್ಷೆಗೂ ಒಪ್ಪಿಗೆ ಸಿಕ್ಕಿತು. ಚಂದ್ರಮೌಳಿಗೂ ಏನೂ ಆಗಲಿಲ್ಲ. ಅದೇ ತಿಂಗಳು ಊರಿನ ವ್ಯಾಪಾರಸ್ಥರ ಸಭೆಯೊಂದರಲ್ಲಿ ಅವನು, ಸುಟ್ಟ ಆಸ್ಪತ್ರೆಯನ್ನು ಅರ್ಧ ದಿನದಲ್ಲಿ ಎಬ್ಬಿಸಿ ನಿಲ್ಲಿಸಿದ್ದು ಹೇಗೆ ಎಂದು ಭಾಷಣ ಮಾಡಿದ. ಶಾಲು ಹೊದಿಸಿದರಂತೆ. ಆ ಸೆಕೆಯಲ್ಲಿ ಶಾಲು ಹೊದ್ದು ನಿಂತನಲ್ಲ, ಅಷ್ಟು ಶಿಕ್ಷೆಯಾದರೂ ಆಯಿತು.

ಮೊದಲ ಮಳೆ ಬಿದ್ದು ಊರಿನ ಕೆಂಪು ಧೂಳು ಕೂತ ಮೇಲೆ ಗಾದಿಲಿಂಗಪ್ಪ ಮರುಪರೀಕ್ಷೆಗೆ ಬಂದ. ತೆಳ್ಳಗಾಗಿದ್ದ, ಆದರೆ ನೆಟ್ಟಗೆ ನಡೆಯುತ್ತಿದ್ದ. ಸ್ಕ್ಯಾನ್ ಆಯಿತು, ಶ್ವಾಸಕೋಶ ತುಂಬಿಕೊಂಡಿತ್ತು. ಅವನು ಚಹಾ ಕುಡಿಯಲು ಹೊರಗೆ ಹೋದಾಗ ಹುಲಿಗೆಮ್ಮ ನನ್ನ ಮೇಜಿನ ಹತ್ತಿರ ಬಂದು ನಿಂತಳು.

“ಇವತ್ತಿನ ಫೋಟೋ ನನ್ನ ಕೈಯಾಗ ಕೊಡ್ರಿ. ನಿಮ್ಮಲ್ಲಿ ಇಟ್ಟುಕೊಂತೀರೋ ಬಿಡ್ತೀರೋ, ನಿಮಗ ಬಿಟ್ಟಿದ್ದು.”

ಫಿಲ್ಮ್ ಇರಲಿಲ್ಲ, ಸಿ.ಡಿ.ಗೆ ಹಾಕಿ ಕೊಟ್ಟೆ. ಅವಳು ಅದನ್ನು ತೆಗೆದುಕೊಳ್ಳಲಿಲ್ಲ.

“ಇದರಾಗ ಐತೋ ಇಲ್ಲೋ, ಹಾಕಿ ತೋರಿಸ್ರಿ.”

ಹಾಕಿದೆ. ಚಿತ್ರ ತೆರೆಯಿತು. ಬಿಳಿಯ ಪಕ್ಕೆಲುಬುಗಳು, ಕಪ್ಪಗೆ ಎರಡು ಶ್ವಾಸಕೋಶ. ಅದೇ ಹೊತ್ತಿಗೆ ಚಂದ್ರಮೌಳಿ ಯಾವುದೋ ಕೇಬಲ್ ಕೇಳಿಕೊಂಡು ಒಳಗೆ ಬಂದು, ಅವಳನ್ನು ಕಂಡು ಬಾಗಿಲಲ್ಲೇ ನಿಂತ. ಹುಲಿಗೆಮ್ಮ ಅವನ ಕಡೆ ತಿರುಗಲಿಲ್ಲ. ಪರದೆಯ ಹತ್ತಿರ ಬಗ್ಗಿ, ಆ ಕಲೆ ಎಲ್ಲಿದೆ ಎಂದು ನನ್ನನ್ನು ಕೇಳಿದಳು. ಬೆರಳಿಟ್ಟು ತೋರಿಸಿದೆ. ಅವಳು ತನ್ನ ಬೆರಳನ್ನೂ ಅದರ ಪಕ್ಕದಲ್ಲಿಟ್ಟಳು. ಉಗುರಿನಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು.

“ಇಷ್ಟಕ್ಕ ಏನ್ರಿ?” ಎಂದಳು.

ಉತ್ತರ ಕೊಡಬೇಕಾದವನು ಬಾಗಿಲಲ್ಲಿ ನಿಂತು ಫೋನ್ ನೋಡುತ್ತಿದ್ದ.